ಮನೆಯ ಪಾಯವೂ ಉಳಿತಾಯದ ಲೆಕ್ಕವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದುದು ಸ್ವಂತ ಊರಿನಲ್ಲಿ, ನೆಂಟರಿಷ್ಟರ ನಡುವೆ ಮನೆ ಕಟ್ಟುವವರನ್ನು ಕುರಿತು. ಪರಸ್ಥಳದಲ್ಲಿ, ಪರಭಾಷೆಯ ಕಂತ್ರಾಟುದಾರನನ್ನು ನಂಬಿ, ಬೆಳಗಿನಿಂದ ರಾತ್ರಿಯವರೆಗೆ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯುತ್ತಾ ಮನೆ ಕಟ್ಟಹೊರಟವರ ಪಾಡು ಅದಕ್ಕಿಂತಲೂ ಕಠಿಣವಾದುದು. ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಭವಿಷ್ಯನಿಧಿಯ ಹಣವನ್ನೂ ಬ್ಯಾಂಕಿನ ಸಾಲವನ್ನೂ ಒಟ್ಟುಗೂಡಿಸಿ, ಊರ ಹೊರವಲಯದಲ್ಲಿ ಚಿಕ್ಕದೊಂದು ನಿವೇಶನ ಕೊಂಡು ಈ ಸಾಹಸಕ್ಕೆ ಕೈಹಾಕುತ್ತಾರೆ. ಪಾಯ ಮುಗಿದು ಕಂಬಗಳೆದ್ದ ಹಂತದಲ್ಲಿಯೇ ಕೆಲಸ ನಿಂತು, ಕಬ್ಬಿಣದ ಸರಳುಗಳು ಮಳೆಗೆ ತುಕ್ಕು ಹಿಡಿಯುತ್ತಿರುವ ಮನೆಗಳು ಈ ನಗರಗಳ ಅಂಚಿನಲ್ಲಿ ಅಪರೂಪವಲ್ಲ. ಈ ಹಂತದಲ್ಲಿ ಹಣವೂ ಕಾಲವೂ ಹೇಗೆ ಸೋರಿಹೋಗುತ್ತವೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಇಂದು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ವಿಳಂಬಕ್ಕೂ ಒಂದು ಬೆಲೆಯಿದೆ. 10 ಲಕ್ಷ ರೂಪಾಯಿ ಸಾಲ ಎತ್ತಿರುವವರು ಶೇಕಡಾ 9ರ ದರದಲ್ಲಿ ತಿಂಗಳಿಗೆ 7,500 ರೂಪಾಯಿ ಬಡ್ಡಿ ತೆರಬೇಕು. ಈಗಿರುವ ಮನೆಗೆ 9,000 ರೂಪಾಯಿ ಬಾಡಿಗೆಯೆಂದು ಇಟ್ಟುಕೊಳ್ಳೋಣ. ಕೆಲಸ 4 ತಿಂಗಳು ನಿಂತರೆ 66,000 ರೂಪಾಯಿ ಒಂದು ಇಟ್ಟಿಗೆಯನ್ನೂ ಏರಿಸದೆ ಕರಗಿಹೋಯಿತು. ಈ ಹಣ ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆದುದರಿಂದಲೇ ಇದನ್ನು ಯಾರೂ ವೆಚ್ಚವೆಂದು ಎಣಿಸುವುದಿಲ್ಲ. ಕಾಣದ ಈ ನಷ್ಟವನ್ನು ತುಂಬಿಕೊಳ್ಳಲು ಕಾಣುವ ಸರಳನ್ನೂ ಸಿಮೆಂಟನ್ನೂ ಕಡಿಮೆ ಮಾಡಹೋಗುವುದು ಎರಡನೆಯ ಅನರ್ಥ.

ಆ ಅನರ್ಥದ ಫಲವನ್ನು ಗುಜರಾತು ಕಣ್ಣಾರೆ ಕಂಡಿದೆ. 2001ರ ಜನವರಿ 26ರ ಬೆಳಿಗ್ಗೆ ಕಚ್ಛದಲ್ಲಿ ಭೂಕಂಪವಾದಾಗ ಅದರ ಕೇಂದ್ರ ಅಹಮದಾಬಾದಿನಿಂದ 200 ಕಿಲೋಮೀಟರಿಗೂ ಆಚೆ ಇತ್ತು. ಆದರೂ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದು, ಏಳುನೂರಕ್ಕೂ ಹೆಚ್ಚು ಜನರು ಮಡಿದರು. ಬಿದ್ದ ಕಟ್ಟಡಗಳಲ್ಲಿ ಅನೇಕವು ಹೊಸವು. ವಾಹನ ನಿಲ್ಲಿಸುವುದಕ್ಕೆಂದು ನೆಲಮಹಡಿಯನ್ನು ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ಬಿಡಲಾಗಿತ್ತು, ಕಂಬದ ಸರಳುಗಳನ್ನು ಬಿಗಿಹಿಡಿಯಬೇಕಾದ ರಿಂಗುಗಳು ವಿರಳವಾಗಿದ್ದುವು, ಕಾಂಕ್ರೀಟು ದುರ್ಬಲವಾಗಿತ್ತು. ಅಲ್ಲಿ ಉಳಿಸಿದ ಕಬ್ಬಿಣದ ಬೆಲೆ ಎಷ್ಟಿದ್ದೀತು? ಗೋಡೆಯ ಬಣ್ಣವನ್ನು ಮುಂದಿನ ವರ್ಷ ಬಳಿಯಬಹುದು. ನೆಲದ ಹಾಸನ್ನು ಹತ್ತು ವರ್ಷಗಳ ಮೇಲೆ ಬದಲಿಸಬಹುದು. ಮಣ್ಣಿನಡಿ ಹೂತ ಪಾಯವನ್ನೂ ಭಾರ ಹೊತ್ತ ಕಂಬವನ್ನೂ ತಿರುಗಿ ಕಟ್ಟಲಾಗದು. ಆದುದರಿಂದ ಮನೆಯಲ್ಲಿ ಜಿಪುಣತನ ಸಲ್ಲದ ಸ್ಥಳಗಳಿದ್ದರೆ ಅವು ಈ ಎರಡೇ.

ಹಾಗಾದರೆ ಉಳಿತಾಯ ಎಲ್ಲಿ? ನಾಳೆಯ ಇಡ್ಲಿಗೆ ಇಂದೇ ಅಕ್ಕಿ ಉದ್ದು ನೆನೆಹಾಕಬೇಕೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಗಿರಾಕಿ ಬಂದ ಮೇಲೆ ಒಲೆ ಹಚ್ಚುವವನ ಹೋಟೆಲು ನಡೆಯದು. ಮನೆಯ ವಿಷಯವೂ ಅಷ್ಟೆ. ಉಳಿಯುವ ಹಣವೆಲ್ಲ ಗುದ್ದಲಿ ನೆಲಕ್ಕೆ ಬೀಳುವ ಮುನ್ನ ಮಾಡಿದ ನಿರ್ಧಾರಗಳಿಂದಲೇ ಉಳಿಯುತ್ತದೆ.

ಮೊದಲನೆಯದು ಮಣ್ಣಿನ ಪರೀಕ್ಷೆ. ಅಹಮದಾಬಾದಿನ ನೆಲ ಬಹುಮಟ್ಟಿಗೆ ಸಾಬರಮತಿ ತಂದು ಹಾಸಿದ ಮರಳು ಮಿಶ್ರಿತ ಮಣ್ಣು. ವಡೋದರಾ, ಸೂರತ್‌ಗಳ ಕಡೆ ಹಲವೆಡೆ ಎರೆಮಣ್ಣು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಆಳವಿಲ್ಲದ ಪಾಯವನ್ನು ತನ್ನೊಡನೆ ಎತ್ತಿ ಇಳಿಸುತ್ತದೆ. ಇಂತಹ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯವರು ತುದಿಯಲ್ಲಿ ಗಂಟೆಯಂತೆ ಅಗಲವಾಗುವ ಆಳದ ಗುಣಿಕಂಬಗಳ ಪದ್ಧತಿಯನ್ನು ರೂಢಿಗೆ ತಂದರು. ಪಕ್ಕದ ಮನೆಯವನ ಪಾಯ ನಾಲ್ಕಡಿ ಇತ್ತೆಂದು ನಾವೂ ನಾಲ್ಕಡಿ ತೋಡಿಸುವುದು ಲೆಕ್ಕವಲ್ಲ, ಊಹೆ. ನೀರಿನ ಮಟ್ಟವನ್ನೂ ವಿಚಾರಿಸಬೇಕು. 2006ರ ಆಗಸ್ಟಿನಲ್ಲಿ ತಾಪಿಯೂ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯೂ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಆ ನಗರಗಳ ನೆರೆಹೊರೆಯವರು ಬೆರಳಿಟ್ಟು ತೋರಿಸಬಲ್ಲರು. ಪಾಯದ ಎತ್ತರವನ್ನು ಅದರ ಮೇಲೆಯೇ ನಿಶ್ಚಯಿಸತಕ್ಕದ್ದು.

ಎರಡನೆಯದು ಪೂರ್ಣವಾದ ನಕ್ಷೆ. ಮೆಟ್ಟಿಲು ಎಲ್ಲಿ, ನೀರಿನ ತೊಟ್ಟಿ ಎಲ್ಲಿ, ಮುಂದೆ ಮಹಡಿ ಏರಿಸುವುದುಂಟೆ ಇಲ್ಲವೆ ಎಂಬುದು ಮೊದಲೇ ತೀರ್ಮಾನವಾಗಿ, ಕಂಬ ತೊಲೆಗಳ ಅಳತೆಯೂ ಸರಳುಗಳ ಸಂಖ್ಯೆಯೂ ಇಂಜಿನಿಯರರ ಸಹಿಯೊಡನೆ ಕೈಗೆ ಬರಬೇಕು. ಕಂಬ ಎದ್ದ ಮೇಲೆ ಬಚ್ಚಲುಮನೆಯನ್ನು ಆ ಮೂಲೆಯಿಂದ ಈ ಮೂಲೆಗೆ ತರುವ ಯಜಮಾನನೇ ತನ್ನ ಮನೆಯ ವಿಳಂಬಕ್ಕೆ ಮೊದಲ ಕಾರಣನು.

ಮೂರನೆಯದು ಕಾಲದ ಲೆಕ್ಕ. ಇಲ್ಲಿಯ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಬಹು ಮಂದಿ ದಾಹೋದ, ಪಂಚಮಹಲುಗಳ ಆದಿವಾಸಿಗಳು. ಹೋಳಿಗೆ ಅವರು ತಮ್ಮ ಹಳ್ಳಿಗೆ ಹೋಗುವರು. ಮಳೆ ಬಿದ್ದರೆ ಬಿತ್ತನೆಗೂ ಹೋಗುವರು. ನಾವು ವರ್ಷಕ್ಕೊಮ್ಮೆ ಊರಿಗೆ ಹೋಗುವುದು ಹೇಗೆ ನ್ಯಾಯವೋ ಅದೂ ಹಾಗೆಯೇ ನ್ಯಾಯ. ಅವರನ್ನು ದೂಷಿಸಿ ಫಲವಿಲ್ಲ. ದೀಪಾವಳಿ ಕಳೆದು ಲಾಭಪಂಚಮಿಯ ಸುಮಾರಿಗೆ ಅಗೆತ ತೊಡಗಿದರೆ ಧನುರ್ಮಾಸಕ್ಕೆ ಮುನ್ನವೇ ಕೆಲಸ ಸಾಗುತ್ತಿರುತ್ತದೆ. ಉತ್ತರಾಯಣದ ಹೊತ್ತಿಗೆ ಪಾಯ, ಹೋಳಿಗೆ ಮುನ್ನ ಮೊದಲ ಸ್ಲ್ಯಾಬು ಎಂಬ ಗುರಿಯನ್ನಿಟ್ಟುಕೊಂಡು ಸಾಮಾನುಗಳನ್ನು ಹೊಂದಿಸಿಕೊಂಡವನು ಮಳೆಗಾಲಕ್ಕೆ ಹೆದರಬೇಕಾಗಿಲ್ಲ.

ಆದರೆ ಅವಸರಕ್ಕೂ ಮಿತಿಯಿದೆ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಉರಿ ಬಿಸಿಲಿದ್ದರೆ 10 ದಿನವಾದರೂ ನೀರುಣಿಸಬೇಕು. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಊರೆಗಳನ್ನು 7 ದಿನಗಳೊಳಗೆ, ಅದಕ್ಕೂ ಅಗಲವಾದುದರ ಊರೆಗಳನ್ನು 14 ದಿನಗಳೊಳಗೆ ತೆಗೆಯಕೂಡದೆಂದು ಭಾರತೀಯ ಮಾನಕ ಸಂಹಿತೆ ವಿಧಿಸಿದೆ. 50 ಕಿಲೋ ಸಿಮೆಂಟಿನ ಚೀಲಕ್ಕೆ ನೀರು 25 ಲೀಟರಿನ ಆಸುಪಾಸಿನಲ್ಲಿರತಕ್ಕದ್ದು. ಎರೆಯಲು ಸುಲಭವಾಗಲೆಂದು ಇನ್ನೊಂದು ಬಕೆಟು ಸುರಿಯುವ ಕೈಯನ್ನು ತಡೆಯಬೇಕು. ಈ ಎಚ್ಚರಿಕೆಗಳಿಗೆ ಕಾಸು ತಗಲುವುದಿಲ್ಲ. ಆ ದಿನ ಸ್ಥಳದಲ್ಲಿ ನಿಂತಿರುವ ಒಬ್ಬ ಮನುಷ್ಯ ಬೇಕು.

ನಾಲ್ಕನೆಯದು ಬರಹ. ಬಾಯಿಮಾತಿನ ಕಂತ್ರಾಟು ಬೇಡ. ಪಾಯ, ಕಂಬ, ಸ್ಲ್ಯಾಬು ಎಂದು ಕೆಲಸವನ್ನು ಹಂತಗಳಾಗಿ ವಿಭಾಗಿಸಿ, ಒಂದೊಂದು ಹಂತ ಮುಗಿದು ಅಳತೆಯಾದ ಮೇಲೆಯೇ ಹಣ ಕೊಡುವುದಾಗಿ ಬರೆಸಿಕೊಳ್ಳಬೇಕು. ಸರಳಿನ ಪಟ್ಟಿಯನ್ನು ಪರಿಶೀಲಿಸಲು ನಮ್ಮ ಗುಮಾಸ್ತ ಬಂಧುಗಳಿಗೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗಳಲ್ಲಿ ದೊರೆಯುತ್ತದೆ. 12 ಮಿಲಿಮೀಟರಿನ ಸರಳು 12 ಮೀಟರ್ ಉದ್ದವಿದ್ದರೆ ಸುಮಾರು 10.7 ಕಿಲೋ. ಬಂದ ಸರಳುಗಳನ್ನು ಎಣಿಸಿ, ಗುಣಿಸಿ, ಪಟ್ಟಿಯೊಡನೆ ತಾಳೆ ನೋಡಲು ಅರ್ಧ ಗಂಟೆ ಸಾಕು.

ತಾವೇ ಕಟ್ಟದೆ ಫ್ಲ್ಯಾಟು ಕೊಳ್ಳುವವರ ಬೆಂಬಲಕ್ಕೆ 2016ರ ಕಾಯಿದೆಯಿದೆ. ರೇರಾ ಎಂದು ಎಲ್ಲರೂ ಬಲ್ಲುದು ಅದನ್ನೇ. ನಿವೇಶನ 500 ಚದರ ಮೀಟರನ್ನೂ ಮನೆಗಳ ಸಂಖ್ಯೆ 8ನ್ನೂ ಮೀರಿದ ಯೋಜನೆ ನೋಂದಣಿಯಾಗಿರಲೇಬೇಕು. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಗೇ ವ್ಯಯಿಸಬೇಕು. ಲಿಖಿತ ಕರಾರಿಲ್ಲದೆ ಶೇಕಡಾ 10ಕ್ಕೆ ಮೀರಿ ಮುಂಗಡ ಪಡೆಯುವಂತಿಲ್ಲ. ಒಪ್ಪಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ತೆರಬೇಕು. ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ವೆಚ್ಚವಿಲ್ಲದೆ ಸರಿಪಡಿಸಿಕೊಡಬೇಕು. ಸ್ವಂತ ನಿವೇಶನದಲ್ಲಿ ಒಂಟಿಮನೆ ಕಟ್ಟಿಸುವವನಿಗೆ ಈ ಕಾಯಿದೆಯ ಆಸರೆಯಿಲ್ಲ. ಅವನಿಗೆ ತಾನು ಬರೆಸಿಕೊಂಡ ಕರಾರೇ ಕಾಯಿದೆ.

ಇಲ್ಲಿಯೇ ನಮ್ಮ ಸಮಾಜದ ಕರ್ತವ್ಯ ಮೊದಲಾಗುತ್ತದೆ. ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಗುಜರಾತಿ ಮಾತು ಬಂದೀತು, ಗುಜರಾತಿ ಕರಾರುಪತ್ರ ಓದಲು ಬಾರದಿರಬಹುದು. ಲೆಕ್ಕ ಬಲ್ಲ ಗುಮಾಸ್ತರೂ ನಕ್ಷೆ ಬಲ್ಲ ಇಂಜಿನಿಯರರೂ ನಮ್ಮಲ್ಲಿಲ್ಲವೆ? ತಿಂಗಳಿಗೊಂದು ಭಾನುವಾರ ನಮ್ಮ ಕನ್ನಡ ಸಂಘಗಳಲ್ಲಿ ಇವರು ಕುಳಿತು, ಮನೆ ಕಟ್ಟುವವರ ಕರಾರನ್ನು ಓದಿ ಹೇಳಿ, ಪಟ್ಟಿಯನ್ನು ತಾಳೆ ನೋಡಿಕೊಟ್ಟರೆ ಅದು ಯಾವ ಉತ್ಸವಕ್ಕೂ ಕಡಿಮೆಯಾದ ಸೇವೆಯಲ್ಲ. ಹೋಟೆಲು ಮಾಲೀಕರಲ್ಲಿಯೂ ನಮ್ಮದೊಂದು ವಿನಂತಿಯಿದೆ: ಪಾಯಕ್ಕೆ ಕಾಂಕ್ರೀಟು ಹಾಕುವ ದಿನ, ಸ್ಲ್ಯಾಬು ಎರೆಯುವ ದಿನ ಕೆಲಸಗಾರನಿಗೆ ಸಂಬಳ ಕಡಿಯದೆ ರಜೆ ಕೊಡಿರಿ. ಅವನ ಜೀವಮಾನದ ಗಳಿಕೆ ಮಣ್ಣಿನೊಳಗೆ ಸೇರುವ ದಿನಗಳು ಅವು. ಅಂದು ಅವನ ಕಣ್ಣು ಅಲ್ಲಿಯೇ ಇರಬೇಕು.