ರಾಮನವಮಿಗೆ ರಾಮ ಬರಲಿಲ್ಲ

ನನ್ನ ಅಕ್ಕನ ಮಗಳು ಹೋದ ವರ್ಷ ರಾಮ ಆಗಬೇಕಿತ್ತು. ಜಯನಗರದ ಒಂದು ಸಭಾಂಗಣ, ರಾಮನವಮಿ ವಾರದ ಸಾಂಸ್ಕೃತಿಕ ಸಂಜೆ, ಅವಳ ಡ್ಯಾನ್ಸ್ ಕ್ಲಾಸಿನ 10 ಮಕ್ಕಳಿಂದ ದಶಾವತಾರ. ಆಹ್ವಾನ ಪತ್ರಿಕೆಯಲ್ಲಿ ‘ಸಂಜೆ 5:30ಕ್ಕೆ ಸರಿಯಾಗಿ’ ಅಂತ ಅಚ್ಚಾಗಿತ್ತು. ಆ ‘ಸರಿಯಾಗಿ’ಯನ್ನು ನಂಬಿ ಮಕ್ಕಳು ಮಧ್ಯಾಹ್ನ 3 ಗಂಟೆಗೇ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದವು. ನಮ್ಮಮ್ಮ ತಿಪಟೂರಿನಿಂದ ರೈಲು ಹತ್ತಿ ಬಂದಿದ್ದರು, ಮೊಮ್ಮಗಳ ರಾಮನನ್ನು ನೋಡೋಕೆ.

ಮುಖ್ಯ ಅತಿಥಿಗಳು ಬಂದಿದ್ದು 6:50ಕ್ಕೆ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ. ಆಮೇಲೆ ಸನ್ಮಾನ. 9 ಜನಕ್ಕೆ 9 ಶಾಲು, 9 ಮೈಸೂರು ಪೇಟ, 9 ಹಣ್ಣಿನ ಬುಟ್ಟಿ, ಪ್ರತಿಯೊಂದಕ್ಕೂ ಎಲ್ಲರೂ ಎದ್ದು ನಿಂತು ಒಂದು ಫೋಟೋ. ‘ನನಗಿಂತ ಮೊದಲು ಮಾತಾಡಿದವರು ಎಲ್ಲಾ ಹೇಳಿಬಿಟ್ಟಿದ್ದಾರೆ’ ಅಂತ ಶುರು ಮಾಡಿದ ಮಹನೀಯರು 25 ನಿಮಿಷ ಅದನ್ನೇ ಹೇಳಿದರು. ಮಕ್ಕಳು ವೇದಿಕೆ ಹತ್ತಿದ್ದು 8:40ಕ್ಕೆ. ಹಾಲ್ ಬಾಡಿಗೆ 9ರ ತನಕ ಮಾತ್ರ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಆಯ್ತು. ವಾಮನ ಬಲಿಯ ತಲೆ ಮೇಲೆ ಕಾಲಿಟ್ಟಿದ್ದೇ ತಡ, ಸಂಘಟಕರೊಬ್ಬರು ಸೌಂಡ್‌ನವನಿಗೆ ಕೈಸನ್ನೆ ಮಾಡಿದರು. ಟ್ರ್ಯಾಕ್ ನಿಂತಿತು. ವಂದನಾರ್ಪಣೆ.

ಪರಶುರಾಮನಿಂದ ಕಲ್ಕಿವರೆಗೆ 5 ಮಕ್ಕಳು ಪರದೆ ಪಕ್ಕದಲ್ಲೇ ಉಳಿದವು. ರಾಮನವಮಿ ಕಾರ್ಯಕ್ರಮದಲ್ಲಿ ರಾಮನೇ ಬರಲಿಲ್ಲ, ಅದು ವೇದಿಕೆ ಮೇಲಿದ್ದ ಯಾರಿಗೂ ಗೊತ್ತೂ ಆಗಲಿಲ್ಲ. ಯಾಕಂದ್ರೆ ಮುಖ್ಯ ಅತಿಥಿಗಳು ಅಷ್ಟೊತ್ತಿಗೆ ಇನ್ನೊಂದು ರಾಮನವಮಿಗೆ ಹೊರಟುಹೋಗಿದ್ದರು.

ಕಾರಿನಲ್ಲಿ ಹುಡುಗಿ ಅಳಲಿಲ್ಲ. ರಟ್ಟಿನ ಬಿಲ್ಲಿನ ಬಂಗಾರದ ಕಾಗದವನ್ನು ಬಿಟಿಎಂ ಬರೋ ತನಕ ಉಗುರಿನಲ್ಲಿ ಕೆರೆಯುತ್ತಾ ಕೂತಿದ್ದಳು. ಅಮ್ಮ ‘ಮುಂದಿನ ವರ್ಷ ಆಡ್ತೀಯ ಬಿಡು ಪುಟ್ಟಿ’ ಅಂದರು. ಅವಳು ಮಾತಾಡಲಿಲ್ಲ.

ಯುಗಾದಿಯಿಂದ ಒಂದೂವರೆ ತಿಂಗಳು ನಮ್ಮ ಕಡೆ ನಡೆಯೋದೆಲ್ಲಾ ನನಗೆ ಇಷ್ಟ. ಹೊಂಗೆ ಚಿಗುರಿ ರಸ್ತೆಗೆ ನೆರಳು ಬಂದಿರುತ್ತೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ 1939ರಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ, ಬನಶಂಕರಿ ಎರಡನೇ ಹಂತದ ಶ್ರೀರಾಮ ಲಲಿತಕಲಾ ಮಂದಿರದ ಕಛೇರಿಗಳು, ಮಾರ್ಚ್ 27ಕ್ಕೆ ವಿಶ್ವ ರಂಗಭೂಮಿ ದಿನ, ಗಲ್ಲಿಗೊಂದು ಪೆಂಡಾಲು, ಪಾನಕ, ಕೋಸಂಬರಿ. ‘ಬೆಂಗಳೂರಲ್ಲಿ ಮಾಲ್ ಬಿಟ್ರೆ ಏನಿದೆ ಗುರು’ ಅನ್ನೋ ಸಹೋದ್ಯೋಗಿಗಳಿಗೆ ನಾನು ಈ ಪಟ್ಟಿ ಒಪ್ಪಿಸ್ತಿದ್ದೆ. ಈಗ ಸ್ವಲ್ಪ ಮುಜುಗರ. ಕರೆದುಕೊಂಡು ಹೋದ ಒಬ್ಬ ಗೆಳೆಯ, ಬಿಹಾರದವನು, ಎರಡು ಗಂಟೆ ಶಾಲು ನೋಡಿ ‘ಪ್ರೋಗ್ರಾಮ್ ಚೆನ್ನಾಗಿತ್ತು, ಆದ್ರೆ ಕೊನೇಲಿ ಆ ಮಕ್ಕಳು ಯಾಕೆ ಬಂದ್ರು?’ ಅಂತ ಕೇಳಿದ್ದ.

ಸನ್ಮಾನ ಬೇಡ ಅಂತ ನಾನು ಹೇಳ್ತಿಲ್ಲ. ದುಡ್ಡು ಕೊಟ್ಟವರಿಲ್ಲದೆ ಹಾಲ್ ಇಲ್ಲ, ಮೈಕ್ ಇಲ್ಲ, ಪಾನಕವೂ ಇಲ್ಲ. ದಿನಸಿ ಅಂಗಡಿ ಇಟ್ಟುಕೊಂಡು ಪ್ರತಿ ವರ್ಷ ಒಂದು ಮೂಟೆ ಬೆಲ್ಲ ಕೊಡುವ ಮನುಷ್ಯನಿಗೆ ಶಾಲು ಹೊದಿಸಿದರೆ ಯಾರಿಗೆ ಹೊಟ್ಟೆಕಿಚ್ಚು? ನನ್ನ ತಕರಾರು ಶಾಲಿನ ಬಗ್ಗೆ ಅಲ್ಲ, ಕ್ರಮಸಂಖ್ಯೆಯ ಬಗ್ಗೆ. ಸಭಾ ಕಾರ್ಯಕ್ರಮ ಯಾವಾಗಲೂ ಮೊದಲು, ಕಲೆ ಯಾವಾಗಲೂ ಕೊನೆಗೆ. ಯಾಕೆ ಹೀಗೆ ಅಂತ ಒಬ್ಬ ಹಿರಿಯ ಸಂಘಟಕರನ್ನು ಕೇಳಿದೆ. ಅವರು ಪ್ರಾಮಾಣಿಕರು, ನಕ್ಕು ಹೇಳಿದರು: ‘ಡ್ಯಾನ್ಸ್ ಮೊದಲು ಮಾಡಿಸಿದ್ರೆ ಅಪ್ಪ-ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಎದ್ದು ಹೋಗ್ತಾರಲ್ಲಪ್ಪಾ. ಭಾಷಣ ಯಾರು ಕೇಳ್ಬೇಕು?’

ಅಂದರೆ ಮಕ್ಕಳನ್ನು ಒತ್ತೆ ಇಟ್ಟುಕೊಂಡು ಭಾಷಣಕ್ಕೆ ಜನ ಸೇರಿಸೋದು. ಯಾರೂ ಕೇಳಲ್ಲ ಅಂತ ಭಾಷಣ ಮಾಡಿಸುವವರಿಗೇ ಗೊತ್ತಿರುವ ಭಾಷಣಕ್ಕೆ.

ಯುಗಾದಿ ಕವಿಗೋಷ್ಠಿಯಲ್ಲೂ ಇದೇ ಕಥೆ. ಉದ್ಘಾಟಕರು 40 ನಿಮಿಷ, ಅಧ್ಯಕ್ಷರು ಅರ್ಧ ಗಂಟೆ, ಕವಿಗಳಿಗೆ ಮಾತ್ರ ‘ದಯವಿಟ್ಟು ಒಂದೇ ಕವನ, ಚುಟುಕಾಗಿದ್ದರೆ ಒಳ್ಳೇದು’ ಅನ್ನೋ ಚೀಟಿ. ಕಛೇರಿಗಳಲ್ಲಿ ಇನ್ನೂ ನಾಜೂಕು. ತನಿ ಆವರ್ತನ ಮುಗಿದು ಮೃದಂಗದ ಮುಕ್ತಾಯ ಇನ್ನೂ ಕಿವಿಯಲ್ಲಿ ಗುಂಯ್ ಅನ್ನುತ್ತಿರುವಾಗಲೇ ಒಬ್ಬರು ಮೈಕ್ ಹಿಡಿದು ಹತ್ತಿಬಿಡುತ್ತಾರೆ. ಎರಡು ಗಂಟೆ ಕಷ್ಟಪಟ್ಟು ಕಟ್ಟಿದ್ದನ್ನು ಗಾಯಕಿ ಹಾರ ಹಾಕಿಸಿಕೊಳ್ಳುತ್ತಾ ನೋಡುತ್ತಿರಬೇಕು. ಆಮೇಲೆ ದೇವರನಾಮಕ್ಕೆ ಉಳಿಯೋದು 7 ನಿಮಿಷ.

ಬೇರೆ ಥರ ಆಗಲ್ಲ ಅನ್ನಬೇಡಿ. ಜೆ.ಪಿ. ನಗರ ಎರಡನೇ ಹಂತಕ್ಕೆ ಹೋಗಿ ನೋಡಿ. ಶಂಕರ್ ನಾಗ್ ತೀರಿಕೊಂಡಿದ್ದು 1990ರಲ್ಲಿ. ಅವರ ಕನಸಿನ ರಂಗಮಂದಿರವನ್ನು ಅರುಂಧತಿ ನಾಗ್ ಮತ್ತು ಸಂಗಡಿಗರು 14 ವರ್ಷ ದುಡ್ಡು ಸೇರಿಸಿ, ಅಲೆದು, 2004ರ ಅಕ್ಟೋಬರ್‌ನಲ್ಲಿ ತೆರೆದರು. ರಂಗಶಂಕರದಲ್ಲಿ ಏಳೂವರೆ ಅಂದ್ರೆ ಏಳೂವರೆ. ಬಾಗಿಲು ಮುಚ್ಚಿದ ಮೇಲೆ ಯಾರನ್ನೂ ಒಳಗೆ ಬಿಡಲ್ಲ. ಕನ್ನಡದ್ದೇ ಜಾಗ, ಬೆಂಗಳೂರಿನದ್ದೇ ಟ್ರಾಫಿಕ್ಕು, ಆದರೂ 20 ವರ್ಷದಿಂದ ನಡೆದುಕೊಂಡು ಬಂದಿದೆ. ಆ ನಿಯಮವನ್ನು ‘ಜಂಭ’ ಅಂದವರಲ್ಲಿ ನಾನೂ ಒಬ್ಬ. ಒಂದು ಶುಕ್ರವಾರ ನಾಲ್ಕು ನಿಮಿಷ ತಡವಾಗಿ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ಆಫೀಸಿನ ಕಾಲ್ ಎಳೆದಿತ್ತು, ಸಿಲ್ಕ್ ಬೋರ್ಡ್ ಜಾಮ್ ಆಗಿತ್ತು, ಟಿಕೆಟ್‌ಗೆ ದುಡ್ಡು ಕೊಟ್ಟಿದ್ದೆ, ಎಲ್ಲಾ ನಿಜ. ಆದರೆ ಒಳಗೆ ನಟನೊಬ್ಬ ಕತ್ತಲಲ್ಲಿ ಮೊದಲ ಮಾತು ಆಡುತ್ತಿದ್ದ. ಅವನೂ ಅದೇ ಜಾಮ್ ದಾಟಿ ಬಂದಿದ್ದವನೇ. ತಪ್ಪು ನನ್ನದೇ. ಅವತ್ತಿನ ಸಿಟ್ಟಿಗೆ ಈಗ ನಾಚಿಕೆಯಾಗುತ್ತೆ.

ಇಲ್ಲಿಗೆ ಬಂದ ಮೇಲೆ ನಮ್ಮ ಬಗ್ಗೆಯೂ ಹೇಳಲೇಬೇಕು, ‘ನಮ್ಮ’ ಅಂದರೆ ಇದನ್ನು ಓದುತ್ತಿರುವ ಮೂವತ್ತರ ಆಸುಪಾಸಿನವರ ಬಗ್ಗೆ. ಅಮೆರಿಕದ ಕ್ಲೈಂಟ್ ರಾತ್ರಿ ಒಂಬತ್ತೂವರೆಗೆ ಅಂದರೆ ನಾವು 9:28ಕ್ಕೆ ಹೆಡ್‌ಫೋನ್ ಹಾಕಿರುತ್ತೇವೆ. ನಾಟಕಕ್ಕೆ ಮಾತ್ರ ‘ಶುರುವಾಗೋದು ಹೇಗಿದ್ರೂ ಲೇಟು’. ಉಚಿತ ಪ್ರವೇಶಕ್ಕೆ ಹೆಸರು ನೋಂದಾಯಿಸಿ ಹೋಗದೇ ಇರೋದು, ತನಿ ಶುರುವಾದ ಕೂಡಲೇ ಕಾಫಿಗೆ ಏಳೋದು, ಮುಂದಿನ ಸಾಲಿನಲ್ಲಿ ಕೂತು ಫೋನ್ ಎತ್ತಿ ರೀಲ್ ಮಾಡೋದು. ಆರ್.ವಿ. ರಸ್ತೆಯಿಂದ ಬಿಟಿಎಂ ದಾಟಿ ಬೊಮ್ಮಸಂದ್ರದ ತನಕ ಹಳದಿ ಮೆಟ್ರೊ 2025ರ ಆಗಸ್ಟ್‌ನಿಂದ ಓಡ್ತಿದೆ. ಟ್ರಾಫಿಕ್ಕಿನ ನೆಪವೂ ಮೊದಲಿನಷ್ಟು ಗಟ್ಟಿ ಇಲ್ಲ.

ಇನ್ನೊಂದು ವಿಷಯ. ಸನ್ಮಾನ ಮಾಡಿಸಿಕೊಳ್ಳೋರು ಬಿಳಿ ಪಂಚೆಯ ಹಿರಿಯರು ಮಾತ್ರ ಅನ್ನೋ ಕಾಲ ಹೋಯ್ತು. ಈಗ ವೇದಿಕೆ ಮೇಲೆ ಪೇಟ ಹಾಕಿಸಿಕೊಂಡು ಕೂತಿರುವ ಪ್ರಾಯೋಜಕರ ಕಡೆಯವನು ನಮ್ಮದೇ ಕಾಲೇಜು ಬ್ಯಾಚಿನವನು. ಅಪಾರ್ಟ್‌ಮೆಂಟಿನ ಯುಗಾದಿ ಸಮಿತಿಯಲ್ಲಿ ಇರೋರು ನಾವೇ. ಹಿರಿಯರಿಂದ ಕಲಿಯಬೇಕಾದ ನೂರು ಒಳ್ಳೆಯದನ್ನು ಬಿಟ್ಟು ನಾವು ಕಲಿತಿದ್ದು ಈ ಕಾರ್ಯಕ್ರಮ ಪಟ್ಟಿಯನ್ನು. ನಮ್ಮ ಬ್ಲಾಕಿನ ಹೋದ ಸಲದ ಪಟ್ಟಿ ತೆಗೆದು ನೋಡಿದೆ: 14 ಅಂಶಗಳಲ್ಲಿ ಹಾಡು-ಕುಣಿತ ಇದ್ದಿದ್ದು ಕೊನೆಯ ಎರಡು.

ಈ ವರ್ಷ ಆ ಸಮಿತಿಗೆ ನಾನೂ ಸೇರಿದ್ದೇನೆ. ಮೊದಲ ಮೀಟಿಂಗಿನಲ್ಲೇ ಹೇಳಿದೆ: 6 ಗಂಟೆಗೆ ಒಂದು ಪ್ರಾರ್ಥನೆ, ನೇರವಾಗಿ ಮಕ್ಕಳ ಕಾರ್ಯಕ್ರಮ, ಅದು ಪೂರ್ತಿ ಮುಗಿದ ಮೇಲೆ ಸನ್ಮಾನ, ಅತಿಥಿಗಳು ಬರಲಿ ಬಿಡಲಿ ಗಡಿಯಾರ ಕಾಯಬಾರದು. ಒಂದು ಗಂಟೆ ಜಗಳ ಆಯ್ತು. ‘ಕೊನೇಲಿ ಜನ ಇರಲ್ಲ, ದೊಡ್ಡವರಿಗೆ ಅವಮಾನ ಆಗುತ್ತೆ’ ಅಂದರು. ಸನ್ಮಾನ ಆದಮೇಲೆ ಊಟ ಅಂತ ಹಾಕಿ, ಯಾರು ಹೋಗ್ತಾರೆ ನೋಡೋಣ ಅಂದೆ. ಒಬ್ಬಟ್ಟಿನ ಮೇಲೆ ಎಲ್ಲರಿಗೂ ನಂಬಿಕೆ ಇತ್ತು, ಒಪ್ಪಿದರು. ಆದರೆ ಮುಖ್ಯ ಅತಿಥಿಗಳಿಗೆ ಫೋನ್ ಮಾಡಿ ‘ಸಾರ್, ನಿಮ್ಮದು ಏಳೂವರೆಗೆ’ ಅಂತ ಹೇಳೋಕೆ ಯಾರೂ ತಯಾರಿಲ್ಲ. ಸೂಚಿಸಿದವನೇ ಮಾಡಲಿ ಅಂತ ತೀರ್ಮಾನವಾಗಿದೆ. ಇವತ್ತು ಸಂಜೆ ಮಾಡಬೇಕು, ಎರಡು ದಿನದಿಂದ ಮುಂದಕ್ಕೆ ಹಾಕ್ತಾ ಬಂದಿದ್ದೇನೆ.

ಅಕ್ಕನ ಮಗಳ ಡ್ಯಾನ್ಸ್ ಕ್ಲಾಸಿನವರನ್ನೂ ಕರೆದಿದ್ದೇವೆ, ಅದೇ ದಶಾವತಾರಕ್ಕೆ. ನಿನ್ನೆ ಅವಳಿಗೆ ಹೇಳಿದಾಗ ಕುಣಿದಾಡ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ‘ಮಾಮ, ಶಾಲು ಎಷ್ಟು ಜನಕ್ಕೆ?’

‘ಐದು ಜನಕ್ಕೆ ಪುಟ್ಟಿ. ಆದ್ರೆ ಕಲ್ಕಿ ಆದಮೇಲೆ.’

‘ನೋಡೋಣ’ ಅಂದಳು.