ದೆವ್ವ ತೋರಿಸುವವರ ಊರಿನಲ್ಲಿ

ಸ್ಕಾಟ್ಲೆಂಡಿಗೆ ಹೊರಟಿರುವ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು, ‘ಸಾರ್, ಎಡಿನ್‌ಬರೋದಲ್ಲಿ ಯಾವ ಟೂರ್ ಒಳ್ಳೆಯದು?’ ಎಂದು ಕೇಳಿ ಬರೆದಿದ್ದಾರೆ. ಮಗಳ ಮನೆಯಲ್ಲಿದ್ದ ಆರು ವಾರಗಳಲ್ಲಿ ಆ ಊರನ್ನು ಕಾಲ್ನಡಿಗೆಯಲ್ಲೇ ಸುತ್ತಿದವನೆಂಬ ಸಲಿಗೆಯಿಂದ ಹೇಳುತ್ತೇನೆ: ಯಾವುದನ್ನಾದರೂ ಆರಿಸಿಕೊಳ್ಳಿ, ದೆವ್ವದ ಟೂರ್ ಒಂದನ್ನು ಬಿಟ್ಟು. ದೆವ್ವ ಸುಳ್ಳೆಂಬುದು ನನ್ನ ಆಕ್ಷೇಪವಲ್ಲ. ಹುಣಿಸೆಮರದ ಮೋಹಿನಿಯ ಕಥೆ ಕೇಳಿಯೇ ನಾನೂ ಬೆಳೆದವನು. ಆ ಊರಿನಲ್ಲಿ ಕಲ್ಪಿತ ದೆವ್ವಗಳು ನಿಜವಾಗಿ ಸತ್ತವರ ಜಾಗವನ್ನು ಕಬಳಿಸಿವೆ ಎಂಬುದೇ ನನ್ನ ದೂರು.

ಗ್ರೇಫ್ರಯರ್ಸ್ ಸ್ಮಶಾನವನ್ನೇ ನೋಡಿ. ಚರ್ಚಿನ ವ್ಯವಹಾರದಲ್ಲಿ ದೊರೆಯ ಹಸ್ತಕ್ಷೇಪ ಸಲ್ಲದೆಂದು ಸಾರುವ ಪ್ರತಿಜ್ಞಾಪತ್ರಕ್ಕೆ 1638ರಲ್ಲಿ ಜನರು ಸಹಿ ಹಾಕತೊಡಗಿದ್ದು ಅಲ್ಲಿ. ಆ ಪಂಥದವರೇ ಕವನಂಟರರು. 1679ರ ಜೂನ್‌ನಲ್ಲಿ ಬಾತ್‌ವೆಲ್ ಸೇತುವೆಯ ಕಾಳಗದಲ್ಲಿ ಅವರು ಸೋತಾಗ ಸುಮಾರು 1,200 ಮಂದಿಯನ್ನು ಸೆರೆಹಿಡಿದು ತಂದು, ಅದೇ ಸ್ಮಶಾನದ ಪಕ್ಕದ ಬಯಲಿನಲ್ಲಿ ಕೂಡಿಹಾಕಿದರು. ಕೊನೆಯವರೆಗೆ ಉಳಿದವರು ನವೆಂಬರ್‌ನ ಚಳಿಯನ್ನೂ ಅಲ್ಲಿಯೇ ಕಂಡರು. ಅವರಲ್ಲಿ ಸುಮಾರು 250 ಜನರನ್ನು ವಸಾಹತುಗಳಿಗೆ ಸಾಗಿಸಲು ಹಡಗಿಗೆ ತುಂಬಿದರು; ಡಿಸೆಂಬರ್‌ನಲ್ಲಿ ಆ ಹಡಗು ಆರ್ಕ್‌ನಿ ದ್ವೀಪಗಳ ಬಳಿ ಒಡೆದು 200ಕ್ಕೂ ಹೆಚ್ಚು ಕೈದಿಗಳು ಜಲಸಮಾಧಿಯಾದರು.

ನಮ್ಮನ್ನು ಕರೆದೊಯ್ದ ಮಾರ್ಗದರ್ಶಿ ಈ ಸಂಗತಿಗೆ ಮೀಸಲಿಟ್ಟದ್ದು ಎರಡು ನಿಮಿಷ. ಉಳಿದ ಅರ್ಧ ಗಂಟೆ ಸಂದದ್ದು ಜಾರ್ಜ್ ಮೆಕೆಂಜಿಯ ಪ್ರೇತಕ್ಕೆ. ಅದು ಪ್ರವಾಸಿಗರನ್ನು ಪರಚುತ್ತದೆಯಂತೆ, ಮೂರ್ಛೆಗೆಡಹುತ್ತದೆಯಂತೆ. ಈ ಪ್ರೇತದ ಪ್ರತಾಪ ಪ್ರಸಿದ್ಧಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಮನುಷ್ಯನು ಸತ್ತದ್ದೋ 1691ರಲ್ಲಿ! ಮುನ್ನೂರು ವರ್ಷ ತೆಪ್ಪಗಿದ್ದ ಪ್ರೇತಕ್ಕೆ ಟಿಕೆಟ್ಟಿನ ಕಾಲದಲ್ಲಿ ಹುರುಪು ಬಂದದ್ದು ವಿಚಿತ್ರವಲ್ಲವೇ? ನಿಜವಾದ ಮೆಕೆಂಜಿ ಈ ಪ್ರೇತಕ್ಕಿಂತ ಎಷ್ಟೋ ಪಾಲು ಭಯಂಕರ, ಎಷ್ಟೋ ಪಾಲು ಸೋಜಿಗ. ಸರ್ಕಾರಿ ವಕೀಲನಾಗಿ ಕವನಂಟರರನ್ನು ನಿರ್ದಯೆಯಿಂದ ಶಿಕ್ಷೆಗೆ ಗುರಿಪಡಿಸಿದವನು ಅವನೇ. ಮಾಟಗಾತಿಯರೆಂದು ಆರೋಪಿತರಾದವರ ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದು ವಾದಿಸಿದವನೂ ಅವನೇ. ದೇಶದ ಹೆಸರಾಂತ ವಕೀಲರ ಗ್ರಂಥಾಲಯವನ್ನು ಕಟ್ಟಿದವನೂ ಅವನೇ. ಒಬ್ಬನೇ ಮನುಷ್ಯನಲ್ಲಿ ಇವೆಲ್ಲ ಹೇಗೆ ಕೂಡಿದ್ದವು? ತರಗತಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದರೆ ನೀವು ಗಂಟೆ ಬಾರಿಸಿದರೂ ಏಳುತ್ತಿರಲಿಲ್ಲ.

ಮೇರಿ ಕಿಂಗ್ಸ್ ಕ್ಲೋಸ್ ಎಂಬ ಓಣಿಯದೂ ಇದೇ ಪಾಡು. 1645ರ ಪ್ಲೇಗಿನಲ್ಲಿ ರೋಗಿಗಳನ್ನು ಒಳಗೇ ಬಿಟ್ಟು ಗೋಡೆ ಕಟ್ಟಿದರೆಂಬ ಕಥೆ ಬಹುಕಾಲದಿಂದ ಚಲಾವಣೆಯಲ್ಲಿದೆ. ಹಾಗೇನೂ ನಡೆಯಲಿಲ್ಲ. ನಗರಾಡಳಿತವು ಜಾರ್ಜ್ ರೇ ಎಂಬ ವೈದ್ಯನನ್ನು ಪ್ಲೇಗಿಗೆಂದೇ ನೇಮಿಸಿತ್ತು. ಓಣಿ ನೆಲದಡಿಗೆ ಹೋದದ್ದು 1753ರಲ್ಲಿ ಆರಂಭವಾದ ವ್ಯಾಪಾರ ಭವನದ ಕಟ್ಟಡ ಅದರ ಮೇಲೆ ಎದ್ದುದರಿಂದ. ಮುಳುಗಿಸಿದ್ದು ಪ್ಲೇಗಲ್ಲ, ವಾಣಿಜ್ಯ.

ಆದರೆ ನನಗೆ ನಿಜವಾಗಿ ಕೋಪ ಬಂದದ್ದು ಕೋಟೆಯ ಮುಂದೆ. ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರವರೆಗೆ ಮಾಟದ ಕಾಯಿದೆ ಜಾರಿಯಲ್ಲಿತ್ತು. ವಿದ್ವಾಂಸರ ಅಂದಾಜಿನಂತೆ ಸುಮಾರು 2,500 ಮಂದಿಗೆ ಮರಣದಂಡನೆಯಾಯಿತು, ಬಹುಪಾಲು ಹೆಂಗಸರು. ಕೋಟೆಗುಡ್ಡದಲ್ಲಿ ಕತ್ತು ಹಿಸುಕಿ ಸುಟ್ಟವರ ನೆನಪಿಗೆ 1894ರ ಒಂದು ಪುಟ್ಟ ಕಾರಂಜಿಯಿದೆ. ಸ್ಕಾಟ್ಲೆಂಡಿನ ಅಂದಿನ ಪ್ರಥಮ ಮಂತ್ರಿ ನಿಕೋಲಾ ಸ್ಟರ್ಜನ್ 2022ರ ಮಾರ್ಚ್ 8ರಂದು ಅವರೆಲ್ಲರ ಕ್ಷಮೆ ಕೋರಿದರು. ಅದೇ ಕಾರಂಜಿಯ ಮುಂದೆ ನಮ್ಮ ಮಾರ್ಗದರ್ಶಿ ಚೂಪುಟೋಪಿ ತೊಟ್ಟು ಕಿಲಕಿಲನೆ ನಕ್ಕು ತೋರಿಸಿದ. ನಾವು ಭಾನಾಮತಿಯ ಹೆಸರಿನಲ್ಲಿ ಹೆಂಗಸರನ್ನು ಹೊಡೆದ ಸುದ್ದಿಗಳನ್ನು ಓದಿದ ನಾಡಿನವರು. ನಮಗಾದರೂ ನಗು ಬರಬಾರದಿತ್ತು. ಗುಂಪಿನಲ್ಲಿದ್ದ ನಮ್ಮವರೂ ನಕ್ಕರು.

‘ಇದು ಮನರಂಜನೆ, ನೀವೇಕೆ ಮೇಷ್ಟರಿಕೆ ಮಾಡುತ್ತೀರಿ?’ ಎಂದು ನನ್ನ ಅಳಿಯಂದಿರೇ ಕೇಳಿದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ‘ಉಚಿತ’ ಎಂದು ಕರೆದೊಯ್ಯುವ ಈ ನಡಿಗೆಗಳಲ್ಲಿ ಕೊನೆಗೆ ನಾವಿಡುವ ಇನಾಮೇ ಅವನ ಸಂಬಳ. ಕಿರುಚಿಸಿದವನಿಗೆ ಹೆಚ್ಚು, ಯೋಚಿಸುವಂತೆ ಮಾಡಿದವನಿಗೆ ಕಡಿಮೆ. ದರ ಗೊತ್ತುಮಾಡುವವರು ನಾವೇ. ತರಬೇತಿ ಪಡೆದು ಪರೀಕ್ಷೆ ಮುಗಿಸಿದ ಬ್ಲೂ ಬ್ಯಾಡ್ಜ್ ಮಾರ್ಗದರ್ಶಿಗಳೂ ಅಲ್ಲಿದ್ದಾರೆ. ಖರ್ಚು ತುಸು ಹೆಚ್ಚು, ನಾಲ್ಕು ಜನ ಸೇರಿದರೆ ಭಾರವಲ್ಲ.

ಪವಾಡಗಳನ್ನು ಪ್ರಶ್ನಿಸಿದ ಡೇವಿಡ್ ಹ್ಯೂಮ್ ಹುಟ್ಟಿದ ಊರಿದು. ಅವನ ಪ್ರತಿಮೆಯ ಕಾಲ್ಬೆರಳನ್ನು ಅದೃಷ್ಟಕ್ಕೆಂದು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದಾರೆ. ಪಾಪ!

ಇನ್ನೊಂದು ಮಾತು. ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ದೊಡ್ಡ ಚಿತ್ರವೊಂದು ಆ ದೇಶದ ರಾಷ್ಟ್ರೀಯ ಕಲಾಸಂಗ್ರಹಕ್ಕೆ ಸೇರಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಶವದ ಬಳಿ ಜನರಲ್ ಬೇರ್ಡ್ ವಿಜಯಿಯಾಗಿ ನಿಂತಿರುವ ದೃಶ್ಯವದು. ಆ ಬೇರ್ಡ್ ಅದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಮೂರು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದವನು. ನಮ್ಮೂರಿನ ಸಾವೊಂದು ಅವರ ಗೋಡೆಗೆ ಸೇರಿದ ಈ ಬಗೆಯನ್ನು ಯಾವ ದೆವ್ವದ ಟೂರಿನಲ್ಲಿ ಕೇಳುತ್ತೀರಿ? ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ಗ್ರೇಫ್ರಯರ್ಸ್‌ಗೆ ಹಗಲಿನಲ್ಲಿ ಹೋಗಿ, ಪ್ರವೇಶಕ್ಕೆ ಹಣವಿಲ್ಲ. ಕವನಂಟರರ ಹುತಾತ್ಮ ಸ್ಮಾರಕದ ಬರಹವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ; ಹಳೆಯ ಇಂಗ್ಲಿಷು, ನಿಧಾನವಾಗುತ್ತದೆ. ಕೊಡೆ ಒಯ್ಯಬೇಡಿ, ಅಲ್ಲಿನ ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿಯಿರುವ ಮಳೆಯಂಗಿ ಸಾಕು.