ಮಾಸಾಶನಕ್ಕೆ ವಕೀಲರೇಕೆ?

ಕಾನೂನು ಎಂದೊಡನೆ ನಮ್ಮ ಜನರ ಕಣ್ಣಿಗೆ ಕರಿಯ ಕೋಟು, ಕಟಕಟೆ, ಮುಗಿಯದ ವಾಯಿದೆಗಳು ಕಟ್ಟುವುದು ಸಹಜ. ಕೊಲೆ, ಕಳವು, ಜಮೀನಿನ ತಂಟೆ, ಮನೆಯ ಪಾಲು ಇವುಗಳಿಗೆ ವಕೀಲರು ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅಂಗವಿಕಲನೊಬ್ಬನು ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವಾಗ ಅವನ ಪಕ್ಕದಲ್ಲಿ ಕಾನೂನು ಬಲ್ಲವರೊಬ್ಬರು ಇರತಕ್ಕದ್ದು ಎಂದರೆ ಕೇಳಿದವರು ನಗುತ್ತಾರೆ. "ಒಂದು ಅರ್ಜಿ ಗೀಚುವುದಕ್ಕೂ ವಕೀಲರೇ?" ಎನ್ನುತ್ತಾರೆ. ಬೇಕು ಎಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಮಾಸಾಶನವು ಭಿಕ್ಷೆಯಲ್ಲ. ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯ ಇವುಗಳಲ್ಲಿ ಪ್ರಜೆಗೆ ನೆರವು ದೊರೆಯುವಂತೆ ರಾಜ್ಯವು ತನ್ನ ಶಕ್ತಿಯ ಮಿತಿಯಲ್ಲಿ ವ್ಯವಸ್ಥೆ ಮಾಡಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ 39ಎ ವಿಧಿಯು ಸೇರಿ, ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂಬ ತತ್ತ್ವ ಅದರ ಜೊತೆಗೂಡಿತು. ಈ ತತ್ತ್ವವನ್ನು ಕಾರ್ಯರೂಪಕ್ಕೆ ತಂದುದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು.

ಈ ಅಧಿನಿಯಮದ 12ನೆಯ ಪ್ರಕರಣವನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇವರೊಡನೆ ಅಂಗವಿಕಲರನ್ನೂ ಹೆಸರಿಸಿದೆ. ಇವರಿಗೆ ಆದಾಯದ ಮಿತಿಯಿಲ್ಲ. ಇನ್ನೂ ಮುಖ್ಯವಾದುದು, 'ಕಾನೂನು ಸೇವೆ' ಎಂಬ ಮಾತಿಗೆ ಅಧಿನಿಯಮ ಕೊಟ್ಟಿರುವ ಅರ್ಥ. ನ್ಯಾಯಾಲಯದ ಮುಂದೆ ಮಾತ್ರವಲ್ಲ, ಇತರ ಪ್ರಾಧಿಕಾರಗಳ ಮುಂದಿನ ನಡವಳಿಯೂ, ಕಾನೂನಿನ ಯಾವುದೇ ವಿಷಯದಲ್ಲಿ ಸಲಹೆಯೂ ಅದರಲ್ಲಿ ಸೇರಿದೆ. ಅಂದರೆ ತಹಸೀಲ್ದಾರರ ಮೇಜಿನ ಮೇಲೆ ಕುಳಿತಿರುವ ಅರ್ಜಿಯ ವಿಷಯವೂ ಕಾನೂನು ನೆರವಿನ ಎಲ್ಲೆಯೊಳಗೇ ಬರುತ್ತದೆ. ಆದಕಾರಣ ನಾನು ಹೊಸದೇನನ್ನೂ ಬೇಡುತ್ತಿಲ್ಲ. ಇರುವುದನ್ನು ಬಳಸಿರೆಂದು ಹೇಳುತ್ತಿದ್ದೇನೆ ಅಷ್ಟೆ.

ಹಾಗಾದರೆ ಅರ್ಜಿಯ ದಾರಿಯಲ್ಲಿ ತೊಡಕೆಲ್ಲಿ? ದಾರಿ ಮೊದಲಾಗುವುದು ವೈದ್ಯಕೀಯ ಪ್ರಮಾಣಪತ್ರದಿಂದ. 1995ರ ಅಧಿನಿಯಮದಲ್ಲಿ ಅಂಗವೈಕಲ್ಯದ ಬಗೆಗಳು 7 ಇದ್ದವು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ 21 ಇವೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ, ಥಲಸ್ಸೀಮಿಯಾ, ಪಾರ್ಕಿನ್‌ಸನ್ ರೋಗ, ಆಸಿಡ್ ದಾಳಿಯ ಗಾಯ, ಮಕ್ಕಳ ಕಲಿಕೆಯ ತೊಂದರೆ ಇವೆಲ್ಲ ಸೇರಿವೆ. ಕುಂಟು, ಕುರುಡು, ಕಿವುಡು ಇಷ್ಟೇ ಅಂಗವೈಕಲ್ಯವೆಂದು ತಿಳಿದಿರುವ ಕುಟುಂಬಗಳು ಅರ್ಜಿಯ ಬಳಿಗೇ ಬರುವುದಿಲ್ಲ. ಬಂದವರ ಪಾಲಿಗೆ ಪ್ರಮಾಣಪತ್ರದ ಅಂಕಿಯೇ ಹಣೆಬರಹ. ಬಹುತೇಕ ಸೌಲಭ್ಯಗಳಿಗೆ ನೂರಕ್ಕೆ 40 ಬೇಕು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಮಾಸಾಶನಕ್ಕೆ 80 ಬೇಕು, ಜೊತೆಗೆ ಬಡತನ ರೇಖೆಯ ಕೆಳಗಿರಬೇಕು. 2012ರಲ್ಲಿ ಅದರ ಮೊತ್ತವನ್ನು 200 ರೂಪಾಯಿಯಿಂದ 300ಕ್ಕೆ ಏರಿಸಿದರು. ರಾಜ್ಯದ ಮಾಸಾಶನಕ್ಕೆ 40 ಸಾಕು. ಅಂಕಿ ಹೆಚ್ಚಿದಂತೆ ಮೊತ್ತವೂ ಹೆಚ್ಚು. 39 ಎಂದು ಬರೆದರೆ ಬಾಗಿಲು ಮುಚ್ಚಿತು, 40 ಎಂದರೆ ತೆರೆಯಿತು. ಆ ಅಂಕಿ ಒಪ್ಪಿಗೆಯಾಗದಿದ್ದರೆ 59ನೆಯ ಪ್ರಕರಣದ ಮೇರೆಗೆ ಮೇಲ್ಮನವಿಗೆ ಅವಕಾಶವುಂಟು. ಆದರೆ ಡಾಕ್ಟರರು ಬರೆದದ್ದನ್ನು ಪ್ರಶ್ನಿಸಬಹುದೆಂಬ ಯೋಚನೆ ಎಷ್ಟು ಮಂದಿ ಬಡವರ ತಲೆಯಲ್ಲಿ ಸುಳಿದೀತು? ಕೆಲವು ಪ್ರಮಾಣಪತ್ರಗಳು ತಾತ್ಕಾಲಿಕವಾಗಿದ್ದು ಅವಧಿ ತೀರಿದೊಡನೆ ಬೆಲೆ ಕಳೆದುಕೊಳ್ಳುತ್ತವೆಂಬುದನ್ನಾದರೂ ಅವರಿಗೆ ತಿಳಿಸುವವರು ಯಾರು?

ಅಂಕಿಯ ಮುಂದೆ ಕಾನೂನು ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. ಬರೆಯಲು ತೊಡಗಿದರೆ ಕೈ ಬಿಗಿದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದರು. ಅದನ್ನು ನಿರಾಕರಿಸಿದಾಗ ಕಡೆಗೆ ಸುಪ್ರೀಂ ಕೋರ್ಟಿಗೆ ಹೋದರು. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ನ್ಯಾಯಾಲಯವು, ಲಿಪಿಕಾರರ ಸೌಲಭ್ಯವನ್ನು 40ರ ಅಂಕಿ ಮುಟ್ಟಿದವರಿಗೆ ಮಾತ್ರ ಮೀಸಲಿಡಲಾಗದೆಂದು ತೀರ್ಪಿತ್ತಿತು. ಪರೀಕ್ಷೆ ಬರೆಯುವ ನಾವೆಲ್ಲರೂ ಈ ತೀರ್ಪನ್ನು ತಿಳಿದಿರಬೇಕು. ಕಾನೂನಿನ ಮಾತನ್ನು ಸರಿಯಾದ ಸ್ಥಳದಲ್ಲಿ ಆಡುವವರಿದ್ದರೆ ಹಕ್ಕಿನ ಬೇಲಿಯೇ ವಿಸ್ತಾರವಾಗುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ನಾಡಕಛೇರಿಯ ಸರದಿ. "ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ" ಎಂಬ ಗಾದೆ ಹುಟ್ಟಿದ್ದು ಇಂಥ ಕಡೆಯೇ ಇರಬೇಕು. ನಮ್ಮ ಬೀದಿಯಲ್ಲಿ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರೊಬ್ಬರಿದ್ದಾರೆ. ಆಧಾರ್ ಕಾರ್ಡಿನಲ್ಲಿ ಅವರ ತಂದೆಯ ಹೆಸರು ಹಿಂದೆ, ಪಡಿತರ ಚೀಟಿಯಲ್ಲಿ ಮುಂದೆ. ಇಷ್ಟು ವ್ಯತ್ಯಾಸಕ್ಕಾಗಿ ಅವರ ಅರ್ಜಿ ಒಂದು ಕಛೇರಿಯಲ್ಲಿ ಏಳು ತಿಂಗಳು ಮಲಗಿತ್ತು. ಅವರ ಹೆಂಡತಿ ಕೂಲಿ ಬಿಟ್ಟು ನಾಲ್ಕು ಸಲ ಹೋದರು. "ಆಗೋದಿಲ್ಲಮ್ಮ, ಮುಂದಿನ ತಿಂಗಳು ಬನ್ನಿ" ಎಂಬುದೇ ಪ್ರತಿ ಸಲದ ಉತ್ತರ. ಏಕೆ ಆಗದೆಂದು ಯಾರೂ ಹೇಳಲಿಲ್ಲ. ಬಾಗಿಲಲ್ಲಿ ನಿಂತ ದಲ್ಲಾಳಿ ಮಾತ್ರ ಎರಡು ಸಾವಿರಕ್ಕೆ ಕೆಲಸ ಮುಗಿಸುವೆನೆಂದ. ಕಡೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯೊಬ್ಬರು ನಾಲ್ಕು ಸಾಲಿನ ಪತ್ರ ಬರೆದುಕೊಟ್ಟರು: ಅರ್ಜಿಯ ಸಂಖ್ಯೆ ಇದು, ಕೊಟ್ಟ ತಾರೀಖು ಇದು, ತಿರಸ್ಕರಿಸುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿರಿ. ಹತ್ತು ದಿನಗಳಲ್ಲಿ ಹೆಸರಿನ ವ್ಯತ್ಯಾಸದ ಸಂಗತಿ ಹೊರಬಿತ್ತು. ಒಂದು ಪ್ರಮಾಣ ಪತ್ರಿಕೆ ಮಾಡಿಸಿಕೊಟ್ಟ ಮೇಲೆ ಮಾಸಾಶನ ಮಂಜೂರಾಯಿತು.

ಆ ನಾಲ್ಕು ಸಾಲಿಗೆ ಅಷ್ಟು ಬಲ ಎಲ್ಲಿಂದ ಬಂತು? ಕರ್ನಾಟಕದಲ್ಲಿ 2011ರ 'ಸಕಾಲ' ಅಧಿನಿಯಮವಿದೆ. ಅದರಂತೆ ಅರ್ಜಿ ಕೊಟ್ಟವರಿಗೆ ಸಂಖ್ಯೆಯಿರುವ ಸ್ವೀಕೃತಿ ದೊರೆಯಬೇಕು. ಗೊತ್ತುಪಡಿಸಿದ ಅವಧಿಯಲ್ಲಿ ಕೆಲಸವಾಗಬೇಕು. ತಿರಸ್ಕರಿಸಿದರೆ ಕಾರಣ ಬರಹದಲ್ಲಿರಬೇಕು. ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ಬಾಯಿಮಾತಿನ 'ಆಗೋದಿಲ್ಲ'ಕ್ಕೆ ಮೇಲ್ಮನವಿಯಿಲ್ಲ. ಬರಹದ 'ಇಲ್ಲ'ಕ್ಕೆ ಉಂಟು. ಬಾಯಿಮಾತನ್ನು ಬರಹಕ್ಕೆ ಇಳಿಸುವುದೇ ಕಾನೂನು ಬಲ್ಲವರ ಮೊದಲ ಉಪಕಾರ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. "ಗೆದ್ದವ ಸೋತ, ಸೋತವ ಸತ್ತ" ಎಂದು ಹಿರಿಯರು ಹೇಳಿಲ್ಲವೇ, ಸಣ್ಣ ಮಾಸಾಶನಕ್ಕೆ ವ್ಯಾಜ್ಯ ಹೂಡಿ ಕಛೇರಿಯವರ ದ್ವೇಷ ಕಟ್ಟಿಕೊಳ್ಳುವುದೇಕೆ ಎಂದು ಕೆಲವರು ಕೇಳುತ್ತಾರೆ. ಆದರೆ ನಾನು ಹೇಳುತ್ತಿರುವುದು ವ್ಯಾಜ್ಯವನ್ನಲ್ಲ, ವ್ಯಾಜ್ಯವೇ ಬೇಡವಾಗುವಂತೆ ಮೊದಲೇ ಕಾಗದಗಳನ್ನು ನೇರಮಾಡಿಕೊಳ್ಳುವುದನ್ನು. ಕೆಲಸದ ಹೊರೆಯಿಂದ ಬಳಲಿದ ಗುಮಾಸ್ತರಿಗೂ ಸರಿಯಾಗಿ ತುಂಬಿದ ಅರ್ಜಿ ಉಪಕಾರವೇ. ಇನ್ನು ಕೆಲವರು, ದಲ್ಲಾಳಿಯಿಂದ ಕೆಲಸ ಬೇಗ ಆಗುತ್ತದೆ ಎನ್ನುತ್ತಾರೆ. ಆಗಬಹುದು. ಆದರೆ ದಲ್ಲಾಳಿ ಕೊಡಿಸಿದ್ದು ಅವನ ದಯೆಯಾಗಿ ಉಳಿಯುತ್ತದೆ. ನಾಳೆ ಮಾಸಾಶನ ನಿಂತರೆ ಮತ್ತೆ ಅವನ ಮನೆಯ ಮುಂದೆಯೇ ನಿಲ್ಲಬೇಕು. ಮಾಸಾಶನದಲ್ಲಿ ಪಾಲು ಕೇಳುವವನು ನೆರವುಗಾರನಲ್ಲ.

ಕಾನೂನು ಸೇವೆಯಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳಲಾರೆ. ಸಮಿತಿಗಳು ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತವೆ. ಊರುಗೋಲಿನವರಿಗೆ ಅಲ್ಲಿಗೆ ಹೋಗುವುದೇ ಒಂದು ಪ್ರಯಾಸ. ಪೊಲೀಸು, ಕೋರ್ಟು ಎಂದರೆ ಬೆದರುವ ಜನ ಆ ಫಲಕವನ್ನು ಕಂಡೇ ಹಿಂದಿರುಗುತ್ತಾರೆ. ಮಾಸಾಶನದ ಸಲಹೆಯೂ ಇಲ್ಲಿ ದೊರೆಯುತ್ತದೆ ಎಂದು ಬರೆದ ಫಲಕವನ್ನು ನಾನಂತೂ ಕಂಡಿಲ್ಲ. ಹೀಗಿರುವಾಗ ನೆರವು ಜನರ ಬಳಿಗೆ ಬರಬೇಕೇ ಹೊರತು ಜನರು ನೆರವನ್ನು ಹುಡುಕಿಕೊಂಡು ಹೋಗುವಂತಾಗಬಾರದು.

ನನ್ನ ಸೂಚನೆಗಳು ಮೂರು. ಒಂದು, ಸರ್ಕಾರಿ ಆಸ್ಪತ್ರೆಯಲ್ಲಿ ಅಂಗವೈಕಲ್ಯದ ತಪಾಸಣೆ ನಡೆಯುವ ದಿನ ಕಾನೂನು ಸ್ವಯಂಸೇವಕರೊಬ್ಬರು ಅಲ್ಲಿಯೇ ಕುಳಿತಿರಬೇಕು. ಎರಡು, ತಿರಸ್ಕಾರದ ಪ್ರತಿಯೊಂದು ಹಿಂಬರಹದ ಅಡಿಯಲ್ಲಿಯೂ ಮೇಲ್ಮನವಿಯ ವಿಳಾಸವನ್ನೂ ಕಾನೂನು ನೆರವಿನ 15100 ಎಂಬ ದೂರವಾಣಿ ಸಂಖ್ಯೆಯನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಬೇಕು. ಮೂರನೆಯದು ನಮಗೆ ಸೇರಿದ್ದು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ರಸ್ತೆ ಗುಡಿಸುತ್ತಾರೆ, ಗಿಡ ನೆಡುತ್ತಾರೆ, ಒಳ್ಳೆಯದೇ. ಅದರೊಡನೆ ವಾರಕ್ಕೊಂದು ಮಧ್ಯಾಹ್ನ ನಾಡಕಛೇರಿಯ ಜಗುಲಿಯಲ್ಲಿ ಕುಳಿತು ಅರ್ಜಿ ಓದಿಹೇಳುವುದು, ಹೆಸರುಗಳನ್ನು ತಾಳೆ ನೋಡುವುದು, ಸ್ವೀಕೃತಿ ಕೇಳಿ ಪಡೆಯುವುದು, ತೊಡಕು ಕಂಡಲ್ಲಿ ಕಾನೂನು ಸೇವಾ ಸಮಿತಿಗೆ ಕರೆದೊಯ್ಯುವುದು ಇಷ್ಟನ್ನು ಮಾಡಬಾರದೇಕೆ? ಇದಕ್ಕೆ ವಕೀಲಿ ಪದವಿ ಬೇಡ. ಓದು ಬರಹ ಬಲ್ಲ ಕಣ್ಣು, ಬೇಸರಿಸದ ಮನಸ್ಸು ಸಾಕು. ರಾಜ್ಯಶಾಸ್ತ್ರದ ಅಧ್ಯಾಪಕರು ಮನಸ್ಸು ಮಾಡಿದರೆ ಒಂದೆರಡು ತರಗತಿಗಳಲ್ಲಿ ನಮ್ಮನ್ನು ಈ ಕೆಲಸಕ್ಕೆ ಸಿದ್ಧಗೊಳಿಸಬಲ್ಲರು.

ಮೂಲಭೂತ ಹಕ್ಕುಗಳನ್ನೂ ನಿರ್ದೇಶಕ ತತ್ತ್ವಗಳನ್ನೂ ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. 41ನೆಯ ವಿಧಿಗೆ ಉತ್ತರ ಬರೆದರೆ ನಮಗೆ ಐದು ಅಂಕ ದೊರೆಯುತ್ತದೆ. ಅದೇ ವಿಧಿ ನಮ್ಮ ಬೀದಿಯ ಒಂದು ಮನೆಯಲ್ಲಿ ತಿಂಗಳ ಅಕ್ಕಿಯಾಗುತ್ತದೆ. ಓದಿದ್ದು ಅಲ್ಲಿಯವರೆಗೆ ತಲುಪುವಂತೆ ಮಾಡುವ ಹೊಣೆ ನಮ್ಮದು.